ಮರೆತವನು, ಮರೆಯದವನು: ವೆಸ್ಟರ್ನ್ ಸಿನಿಮಾಗಳ ಸೇಡು ಮತ್ತು ಕ್ಷಮೆ

ಸಿನಿಮಾದಲ್ಲಿ ಏನನ್ನು ತೋರಿಸಬಹುದು, ಏನನ್ನು ತೋರಿಸಬಾರದು ಎಂದು ಹಾಲಿವುಡ್ 1930ರಲ್ಲಿ ತನಗೆ ತಾನೇ ಒಂದು ನಿಯಮಾವಳಿ ಬರೆದುಕೊಂಡಿತು. 1934ರಿಂದ ಅದು ಕಟ್ಟುನಿಟ್ಟಾಗಿ ಜಾರಿಯಾಯಿತು, 1968ರವರೆಗೂ ಉಳಿಯಿತು. ಚುಂಬನಕ್ಕೆ, ಕುಡಿತಕ್ಕೆ, ಬೈಗುಳಕ್ಕೆ ಅದರಲ್ಲಿ ಕಟ್ಟಳೆಗಳಿದ್ದಂತೆ ಸೇಡಿಗೂ ಒಂದಿತ್ತು. ಇಂದಿನ ಕಾಲದ ಕಥೆಯಲ್ಲಿ ಸೇಡು ತೀರಿಸಿಕೊಂಡದ್ದು ಸರಿ ಎಂದು ತೋರಿಸುವಂತಿಲ್ಲ. ಆದರೆ ಬರೆದವರು ಜಾಣರು, ಗೋಡೆಯಲ್ಲೇ ಒಂದು ಕಿಂಡಿಯನ್ನೂ ಬಿಟ್ಟಿದ್ದರು. ಕಥೆ ಹಿಂದಿನ ಕಾಲದ್ದಾಗಿದ್ದು, ಆದ ಅನ್ಯಾಯವನ್ನು ವಿಚಾರಿಸಲು ಅಲ್ಲಿ ಕಾನೂನೇ ಇಲ್ಲದಿದ್ದರೆ ಸೇಡನ್ನು ತೋರಿಸಬಹುದು.

ಅಮೆರಿಕದವರ ಕಲ್ಪನೆಯಲ್ಲಿ ಅಂಥ ಜಾಗ ಸಿದ್ಧವಾಗಿಯೇ ಇತ್ತು. ಅಂತರ್ಯುದ್ಧ ಮುಗಿದ ಮೇಲಿನ ಪಶ್ಚಿಮ ಸೀಮೆ: ಷರೀಫ್ ಒಬ್ಬ, ಅವನ ಸರಹದ್ದು ನೂರಾರು ಮೈಲಿ, ನ್ಯಾಯಾಧೀಶ ಯಾವಾಗ ಬರುತ್ತಾನೋ ಗೊತ್ತಿಲ್ಲ, ಗಂಡಸರೆಲ್ಲರ ಸೊಂಟದಲ್ಲೂ ಪಿಸ್ತೂಲು. ನಾವು ಕೌಬಾಯ್ ಸಿನಿಮಾ ಎನ್ನುವ ವೆಸ್ಟರ್ನ್‌ನಲ್ಲಿ ಸೇಡಿಗೆ ಹೀಗೆ ಪರವಾನಗಿ ಸಿಕ್ಕಂತಾಯಿತು. (ದ್ವಾರಕೀಶ್ 'ಕೌಬಾಯ್ ಕುಳ್ಳ'ನಾಗಿ ಟೋಪಿ ಏರಿಸಿದ್ದೂ ಇದೇ ಗುಂಗಿನಲ್ಲಿ.)

ಈ ಪರವಾನಗಿಯಲ್ಲಿ ತಯಾರಾದ ಬಹುಪಾಲು ಚಿತ್ರಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಅಪ್ಪನನ್ನು ಕೊಂದರು, ಮಗ ಕೊಂದವರನ್ನು ಕೊಂದ, ಕುದುರೆ ಹತ್ತಿ ಹೋದ. ಆದರೆ 1950ರ ದಶಕದಲ್ಲಿ ಕೆಲವು ನಿರ್ದೇಶಕರು ಬೇರೆ ದಾರಿ ಹಿಡಿದರು. ಸೇಡಿಗೆ ಹೊರಟವನಿಗೆ ನಿಜವಾಗಿ ಬೇಕಾಗಿರುವುದು ಏನು? ಎದುರಾಳಿಯ ಸಾವೊಂದೇ ಸಾಕಾಗಿದ್ದರೆ ಬಂಡೆಯ ಮರೆಯಿಂದ ಗುಂಡು ಹಾರಿಸಿದರೂ ಆಗುತ್ತಿತ್ತು. ಅವನು ಹಾಗೆ ಮಾಡುವುದಿಲ್ಲ. ಎದುರಿಗೇ ಬಂದು ನಿಲ್ಲುತ್ತಾನೆ, ಒಂದು ಹೆಸರು ಹೇಳುತ್ತಾನೆ, ಒಂದು ಚಿತ್ರ ತೋರಿಸುತ್ತಾನೆ. ಮಾಡಿದವನಿಗೆ ಮಾಡಿದ್ದು ನೆನಪಾಗಬೇಕು, 'ಹೌದು, ನಾನೇ' ಅನ್ನಬೇಕು. ಗಮನಿಸಿದರೆ, ಕ್ಷಮಿಸುವವನಿಗೂ ಮೊದಲು ಬೇಕಾಗುವುದು ಇದೇ ಮಾತು.

ಹೆನ್ರಿ ಕಿಂಗ್ ನಿರ್ದೇಶನದ 'ದಿ ಬ್ರಾವಾಡೋಸ್' (1958) ಈ ಹಸಿವನ್ನು ತೀರಾ ನಿಷ್ಠುರವಾಗಿ ಪರೀಕ್ಷೆಗೆ ಒಡ್ಡಿದ ಚಿತ್ರ. ಜಿಮ್ ಡಗ್ಲಸ್ (ಗ್ರೆಗರಿ ಪೆಕ್) ರಿಯೋ ಅರಿಬಾ ಎಂಬ ಊರಿಗೆ ಬರುವುದೇ ನಾಲ್ವರನ್ನು ಗಲ್ಲಿಗೇರಿಸುವುದನ್ನು ಕಣ್ಣಾರೆ ನೋಡಲು. ತನ್ನ ಹೆಂಡತಿಯನ್ನು ಕೆಡಿಸಿ ಕೊಂದವರು ಇವರೇ ಎಂದು ಅವನು ನಂಬಿದ್ದಾನೆ. ಊರವರೆಲ್ಲ ಇಗರ್ಜಿಯಲ್ಲಿದ್ದಾಗ ನಾಲ್ವರೂ ತಪ್ಪಿಸಿಕೊಂಡು, ಒಬ್ಬ ಹುಡುಗಿಯನ್ನೂ ಹೊತ್ತೊಯ್ಯುತ್ತಾರೆ. ಬೆನ್ನಟ್ಟಿದವರಲ್ಲಿ ಎಲ್ಲರಿಗಿಂತ ಮುಂದೆ ಡಗ್ಲಸ್. ಒಬ್ಬೊಬ್ಬನೂ ಸಿಕ್ಕಿದಾಗ ಗಡಿಯಾರದ ಮುಚ್ಚಳ ತೆರೆದು ಒಳಗಿನ ಹೆಂಡತಿಯ ಚಿತ್ರ ತೋರಿಸುತ್ತಾನೆ. ಈ ಹೆಂಗಸನ್ನು ನೋಡಿಯೇ ಇಲ್ಲ ಎನ್ನುವುದು ಎಲ್ಲರ ಉತ್ತರ. ಒಬ್ಬ ಮಣ್ಣಿಗೆ ಬಿದ್ದು ಪ್ರಾಣಭಿಕ್ಷೆ ಬೇಡುತ್ತಾನೆ. ಡಗ್ಲಸ್‌ಗೆ ಎಲ್ಲವೂ ಸುಳ್ಳಾಗಿ ಕೇಳಿಸುತ್ತದೆ. ಮೂವರು ಸಾಯುತ್ತಾರೆ.

ನಾಲ್ಕನೆಯವನು ಲುಹಾನ್, ಮೂಲನಿವಾಸಿ. ಡಗ್ಲಸ್ ಅವನನ್ನು ಹಿಂಬಾಲಿಸಿ ಮೆಕ್ಸಿಕೋದಲ್ಲಿರುವ ಅವನ ಮನೆಗೇ ಹೋಗುತ್ತಾನೆ. ಅಲ್ಲಿ ಹೆಂಡತಿ, ಮಗು. ಅಲ್ಲಿ ಡಗ್ಲಸ್‌ನ ಕಣ್ಣಿಗೆ ಬೀಳುವುದು ತನ್ನ ಮನೆಯಿಂದ ಕಳುವಾಗಿದ್ದ ಹಣದ ಚೀಲ. ಲುಹಾನ್ ಅದನ್ನು ಪಡೆದದ್ದು ಡಗ್ಲಸ್‌ನ ನೆರೆಯವನಾದ ಬಟ್ಲರ್ ಎಂಬವನಿಂದ. 'ನಾಲ್ವರು ಈ ದಾರಿಯಲ್ಲಿ ಹೋಗುವುದನ್ನು ಕಂಡೆ' ಎಂದು ಸಾಕ್ಷಿ ಹೇಳಿದ್ದವನು ಅದೇ ಬಟ್ಲರ್. ಕೊಲೆಗಾರನೇ ಸಾಕ್ಷಿದಾರ. 'ನೋಡಿಯೇ ಇಲ್ಲ' ಎಂದ ಮೂವರೂ ಹೇಳಿದ್ದು ನಿಜ.

ಈಗ ಕ್ಷಮೆ ಬೇಡಬೇಕಾದವನು ಸೇಡಿಗೆ ಹೊರಟವನೇ. ಡಗ್ಲಸ್ ಇಗರ್ಜಿಗೆ ಹೋಗಿ ಪಾದ್ರಿಯ ಮುಂದೆ ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ. ಹೊರಗೆ ಊರವರು ಅವನಿಗೆ ಜಯಕಾರ ಹಾಕಲು ನಿಂತಿದ್ದಾರೆ. ಇಷ್ಟು ಮುಜುಗರದ ಜಯಕಾರ ಇನ್ನೊಂದು ವೆಸ್ಟರ್ನ್‌ನಲ್ಲಿ ನನಗೆ ಕಂಡಿಲ್ಲ. ಆದರೂ ಚಿತ್ರ ಕಡೆಯ ಗಳಿಗೆಯಲ್ಲಿ ಹಿಂಜರಿಯಿತು ಎಂದೇ ನನಗನ್ನಿಸುತ್ತದೆ. ಸತ್ತವರು ಬೇರೆ ಅಪರಾಧಕ್ಕೆ ಹೇಗಿದ್ದರೂ ಗಲ್ಲಿಗೇರಬೇಕಾಗಿದ್ದವರು ಎಂಬ ಸಮಾಧಾನವನ್ನು ಅದು ಪ್ರೇಕ್ಷಕನ ಕಿಸೆಗೆ ಮೊದಲೇ ಹಾಕಿಟ್ಟಿದೆ. ಆ ಸಮಾಧಾನವನ್ನು ಕೊಡದ ಚಿತ್ರ ಬೇಕಾದವರು ವಿಲಿಯಂ ವೆಲ್‌ಮನ್ ಅವರ 'ದಿ ಆಕ್ಸ್-ಬೋ ಇನ್ಸಿಡೆಂಟ್' (1943) ನೋಡಬೇಕು. ಅಲ್ಲಿ ಗುಂಪು ನೇಣಿಗೇರಿಸುವ ಮೂವರೂ ನಿರಪರಾಧಿಗಳು.

ಬಡ್ ಬೆಟ್ಟಿಕರ್ ಅವರ 'ರೈಡ್ ಲೋನ್‌ಸಮ್' (1959) ಕೇವಲ 73 ನಿಮಿಷದ ಚಿತ್ರ. ಬೆನ್ ಬ್ರಿಗೇಡ್ (ರಾಂಡಾಲ್ಫ್ ಸ್ಕಾಟ್) ಬಿಲ್ಲಿ ಎಂಬ ಪುಂಡನನ್ನು ಹಿಡಿದು ಬಯಲಲ್ಲಿ ಎಲ್ಲರಿಗೂ ಕಾಣುವಂತೆ ನಿಧಾನವಾಗಿ ಸಾಗುತ್ತಾನೆ. ಅವನಿಗೆ ಬೇಕಾದವನು ಬಿಲ್ಲಿಯಲ್ಲ, ಬಿಲ್ಲಿಯ ಅಣ್ಣ ಫ್ರಾಂಕ್. ಹಿಂದೊಮ್ಮೆ ಬ್ರಿಗೇಡ್‌ನ ಹೆಂಡತಿಯನ್ನು ಮರಕ್ಕೆ ನೇತು ಹಾಕಿದವನು ಅವನು. ಈ ವಿಷಯ ಫ್ರಾಂಕ್‌ನ ತಲೆಗೆ ಹೊಳೆಯುವುದಕ್ಕೇ ಹೊತ್ತು ಹಿಡಿಯುತ್ತದೆ. ತುಂಬ ಹಿಂದಿನ ಮಾತು, ಮರೆತೇ ಬಿಟ್ಟಿದ್ದೆ ಎನ್ನುವ ಧಾಟಿ ಅವನದು. ಒಬ್ಬನ ಬದುಕನ್ನೆಲ್ಲ ತಿಂದುಹಾಕಿದ್ದು ಇನ್ನೊಬ್ಬನ ನೆನಪಲ್ಲೂ ಉಳಿದಿಲ್ಲ. ಅದೇ ಮರದ ಬಳಿ ಫ್ರಾಂಕ್ ಸಾಯುತ್ತಾನೆ. ಮುಂದಿನದು ನನಗೆ ಹೆಚ್ಚು ಮೆಚ್ಚು. ಬಿಲ್ಲಿಯನ್ನು ಒಪ್ಪಿಸಿದವನಿಗೆ ಹಳೆಯ ಅಪರಾಧಗಳಿಂದ ಕ್ಷಮಾದಾನ ಎಂದು ಸರ್ಕಾರ ಸಾರಿದೆ. ಆ ಕ್ಷಮಾದಾನದ ಆಸೆಗೆ ಜೊತೆಗೂಡಿರುವ ಸ್ಯಾಮ್ ಬೂನ್, ಅದಕ್ಕಾಗಿ ಬ್ರಿಗೇಡ್‌ನನ್ನೇ ಕೊಲ್ಲಬೇಕಾದೀತು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಾನೆ. ಬ್ರಿಗೇಡ್ ಬಿಲ್ಲಿಯನ್ನು ಸುಮ್ಮನೆ ಅವನ ಕೈಗೆ ಒಪ್ಪಿಸಿಬಿಡುತ್ತಾನೆ. ಸೇಡಿನ ಕಥೆಯಿಂದ ಹುಟ್ಟಿದ ಕ್ಷಮೆ ಯಾರೋ ಮೂರನೆಯವನ ಪಾಲಿಗೆ ಬಂತು. ಬ್ರಿಗೇಡ್ ಮರಕ್ಕೆ ಬೆಂಕಿ ಹಚ್ಚುತ್ತಾನೆ.

ಮರೆತವನಿಗೆ ನೆನಪಿಸುವ ಆಟವನ್ನು ತುದಿ ಮುಟ್ಟಿಸಿದವನು ಇಟಲಿಯ ಸೆರ್ಜಿಯೋ ಲಿಯೋನೆ. 'ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್' (1968) ಚಿತ್ರದಲ್ಲಿ ಹಾರ್ಮೋನಿಕಾ ನುಡಿಸುವ ಅನಾಮಿಕನೊಬ್ಬ (ಚಾರ್ಲ್ಸ್ ಬ್ರಾನ್ಸನ್) ಫ್ರಾಂಕ್ ಎಂಬ ಇನ್ನೊಬ್ಬ ಕೊಲೆಗಾರನ ಬೆನ್ನು ಬಿದ್ದಿದ್ದಾನೆ. ಯಾರು ನೀನು ಎಂದು ಫ್ರಾಂಕ್ ಕೇಳಿದರೆ, ಫ್ರಾಂಕ್ ಕೊಂದವರ ಹೆಸರುಗಳನ್ನು ಹೇಳುತ್ತಾನೆ. ಕೊನೆಗೆ ಗುಂಡು ತಗುಲಿ ಕುಸಿದವನ ಬಾಯಿಗೆ ಹಾರ್ಮೋನಿಕಾ ತುರುಕಿದಾಗ ಫ್ರಾಂಕ್‌ಗೆ ನೆನಪಾಗುತ್ತದೆ. ಹಿಂದೆ ಒಬ್ಬ ಹುಡುಗನ ಹೆಗಲ ಮೇಲೆ ಅವನ ಅಣ್ಣನನ್ನು ಕೊರಳಿಗೆ ಕುಣಿಕೆ ಹಾಕಿ ನಿಲ್ಲಿಸಿ, ಹುಡುಗನ ಬಾಯಿಗೆ ತಾನು ಹೀಗೇ ಹಾರ್ಮೋನಿಕಾ ತುರುಕಿದ್ದು. ತಲೆಯಾಡಿಸಿ ಸಾಯುತ್ತಾನೆ. ಕ್ಷಮೆಗೆ ಇಲ್ಲಿ ಜಾಗವೇ ಇಲ್ಲ. ಆ ತಲೆಯಾಡಿಸುವಿಕೆಗಾಗಿಯೇ ಇಷ್ಟುದ್ದದ ಚಿತ್ರ.

ಈ ಚಿತ್ರದ ಆರಂಭದಲ್ಲಿ ಮೆಕ್‌ಬೇನ್ ಕುಟುಂಬವನ್ನು ಕೊಲ್ಲುವ ದೃಶ್ಯದ ನೆರಳು, ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ 'ಶೋಲೆ'ಯಲ್ಲಿ (1975) ಠಾಕೂರನ ಮನೆಯವರ ಹತ್ಯೆಯ ಮೇಲೆ ಬಿದ್ದಿದೆ. ಠಾಕೂರ್ ಮೊಳೆ ಹೊಡೆದ ಬೂಟುಗಾಲಿನಿಂದ ಗಬ್ಬರನನ್ನು ಕೊಲ್ಲುವ ಕೊನೆಯನ್ನೇ ಮೊದಲು ಚಿತ್ರೀಕರಿಸಿದ್ದರು. ತುರ್ತುಪರಿಸ್ಥಿತಿಯ ದಿನಗಳ ಸೆನ್ಸಾರ್ ಒಪ್ಪಲಿಲ್ಲ. ಬಿಡುಗಡೆಯಾದ ಚಿತ್ರದಲ್ಲಿ ಪೊಲೀಸರು ಬಂದು ತಡೆಯುತ್ತಾರೆ. ಹಾಲಿವುಡ್‌ನವರು ಬಿಟ್ಟುಕೊಂಡಿದ್ದ ಕಿಂಡಿ ಠಾಕೂರನಿಗೆ ಸಿಗಲಿಲ್ಲ.

ಜಾನ್ ಫೋರ್ಡ್ ಅವರ 'ದಿ ಸರ್ಚರ್ಸ್' (1956) ಬಗ್ಗೆ ಬರೆಯುವವರು ಕ್ಷಮೆ ಎಂಬ ಮಾತನ್ನು ಧಾರಾಳವಾಗಿ ಬಳಸುತ್ತಾರೆ. ನನಗೆ ಅಲ್ಲಿ ತಕರಾರಿದೆ. 1868ರ ಟೆಕ್ಸಾಸ್‌ನಲ್ಲಿ ಕಥೆ ಶುರು. ಕೊಮಾಂಚಿಗಳು ಈಥನ್ ಎಡ್ವರ್ಡ್ಸ್‌ನ (ಜಾನ್ ವೇಯ್ನ್) ತಮ್ಮನ ಸಂಸಾರವನ್ನು ಕೊಂದು ಚಿಕ್ಕ ಹುಡುಗಿ ಡೆಬ್ಬಿಯನ್ನು ಒಯ್ಯುತ್ತಾರೆ. ಅವನು ವರ್ಷಗಟ್ಟಲೆ ಹುಡುಕುತ್ತಾನೆ. ಹುಡುಕಾಟದ ನಡುವೆಯೇ ಗುರಿ ಬದಲಾಗುತ್ತದೆ. ಕೊಮಾಂಚಿಯೊಬ್ಬನ ಹೆಂಡತಿಯಾಗಿ ಬೆಳೆದ ತಮ್ಮನ ಮಗಳಿಗಿಂತ ಸತ್ತ ಮಗಳೇ ವಾಸಿ ಎಂದು ಅವನು ಅವಳನ್ನೇ ಕೊಲ್ಲಲು ಹೊರಡುತ್ತಾನೆ. ಎದುರಾಳಿ ಸ್ಕಾರ್‌ಗೆ ಮರೆವಿಲ್ಲ. ಬಿಳಿಯರು ತನ್ನ ಇಬ್ಬರು ಗಂಡುಮಕ್ಕಳನ್ನು ಕೊಂದರು, ಅದಕ್ಕೆ ತಲೆಚರ್ಮ ಸುಲಿದು ಲೆಕ್ಕ ತೀರಿಸುತ್ತಿದ್ದೇನೆ ಎಂದು ಮುಖಕ್ಕೆ ಹೇಳುತ್ತಾನೆ. ಒಬ್ಬರ ಹಗೆಯ ಕನ್ನಡಿಯಲ್ಲಿ ಇನ್ನೊಬ್ಬರದು. ಸ್ಕಾರ್‌ನನ್ನು ಕೊಲ್ಲುವ ಭಾಗ್ಯವೂ ಈಥನ್‌ಗೆ ಇಲ್ಲ. ಜೊತೆಗಿದ್ದ ಮಾರ್ಟಿನ್ ಕೊಲ್ಲುತ್ತಾನೆ, ಈಥನ್ ಹೆಣದ ತಲೆಚರ್ಮ ಸುಲಿಯುತ್ತಾನೆ. ಆಮೇಲೆ ಓಡುತ್ತಿರುವ ಡೆಬ್ಬಿಯನ್ನು ಅಟ್ಟಿ ಹಿಡಿದು, ಕೊಲ್ಲುವ ಬದಲು ಎತ್ತಿಕೊಂಡು ಮನೆಗೆ ಕರೆತರುತ್ತಾನೆ. ಮನಸ್ಸು ಏಕೆ ಕರಗಿತು ಎಂಬುದನ್ನು ಫೋರ್ಡ್ ಹೇಳುವುದಿಲ್ಲ, ಹೇಳದಿದ್ದದ್ದೇ ಒಳ್ಳೆಯದು. ಆದರೆ ಇದನ್ನು ಕ್ಷಮೆ ಎನ್ನುವುದು ಹೇಗೆ? ಆ ಹುಡುಗಿ ಮಾಡಿದ ತಪ್ಪಾದರೂ ಏನು?

ಇಂಥದೇ ನಿಜ ಬದುಕೊಂದು ಟೆಕ್ಸಾಸ್‌ನ ಚರಿತ್ರೆಯಲ್ಲಿದೆ. ಸಿಂಥಿಯಾ ಆನ್ ಪಾರ್ಕರ್‌ಳನ್ನು ಕೊಮಾಂಚಿಗಳು 1836ರಲ್ಲಿ ಬಾಲಕಿಯಾಗಿದ್ದಾಗ ಒಯ್ದರು, 1860ರಲ್ಲಿ ಬಿಳಿಯರು ಮರಳಿ ತಂದರು. ಅಷ್ಟರಲ್ಲಿ ಅವಳು ಕೊಮಾಂಚಿ ತಾಯಿಯಾಗಿದ್ದಳು. ತವರಿಗೆ ಬಂದವಳು ಮಕ್ಕಳಿದ್ದಲ್ಲಿಗೆ ಹೋಗಲು ಮತ್ತೆ ಮತ್ತೆ ಪ್ರಯತ್ನಿಸಿದಳು, ಆಗಲಿಲ್ಲ.

ನೊಂದವಳ ಮಾತು ಕೇಳದಿರುವುದು ಈ ಪ್ರಕಾರದ ಹಳೆಯ ರೋಗ. ಬಹುಪಾಲು ಕಥೆಗಳಲ್ಲಿ ಅವಳು ಸತ್ತಿರುತ್ತಾಳೆ, ಗಡಿಯಾರದ ಮುಚ್ಚಳದೊಳಗೆ ಇರುತ್ತಾಳೆ. ವೆಸ್ಟರ್ನ್‌ಗಳ ಸುಗ್ಗಿ ಮುಗಿದ ಮೇಲೆ ಬಂದ ಕ್ಲಿಂಟ್ ಈಸ್ಟ್‌ವುಡ್ ಅವರ 'ಅನ್‌ಫರ್ಗಿವನ್' (1992) ಅವಳನ್ನು ಬದುಕಿಸಿ ಎದುರಿಗೆ ಕೂರಿಸುತ್ತದೆ. ವೇಶ್ಯಾಗೃಹದ ಡಿಲೈಲಾಳ ಮುಖವನ್ನು ಒಬ್ಬ ಕೌಬಾಯ್ ಕುಯ್ಯುತ್ತಾನೆ. ಷರೀಫ್ ದಂಡವಾಗಿ ಕುದುರೆಗಳನ್ನು ವಿಧಿಸುತ್ತಾನೆ, ಅವು ಸೇರುವುದು ಡಿಲೈಲಾಳಿಗಲ್ಲ, ಅವಳ ಯಜಮಾನನಿಗೆ. ಜೊತೆಯ ಹೆಂಗಸರು ಕಾಸು ಕೂಡಿಸಿ ತಪ್ಪಿತಸ್ಥರ ತಲೆಗೆ ಸಾವಿರ ಡಾಲರ್ ಇನಾಮು ಇಡುತ್ತಾರೆ. ಸುದ್ದಿ ಊರಿಂದ ಊರಿಗೆ ಹೋದಂತೆ ಅವಳ ಗಾಯಗಳೂ ಬೆಳೆಯುತ್ತವೆ, ಕಣ್ಣು ಕಿತ್ತರು, ಬೆರಳು ಕತ್ತರಿಸಿದರು ಎಂದು.

ಕುಯ್ದವನ ಜೊತೆಗಿದ್ದ ಹುಡುಗ ಡೇವಿ. ದಂಡದ ಕುದುರೆಗಳನ್ನು ಕೊಡಲು ಬಂದಾಗ ಬೇರೊಂದನ್ನೂ ತಂದಿರುತ್ತಾನೆ. ತನ್ನ ಕುದುರೆಗಳಲ್ಲೇ ಒಳ್ಳೆಯದು, ಇದು ಯಜಮಾನನಿಗಲ್ಲ, ಆ ಹೆಂಗಸಿಗೆ ಎನ್ನುತ್ತಾನೆ. ಇಷ್ಟು ಚಿತ್ರಗಳಲ್ಲಿ ಯಾರೂ ಕರೆಯದೆ, ಯಾರೂ ಪಿಸ್ತೂಲು ತೋರಿಸದೆ 'ಹೌದು' ಎಂದು ತಾನಾಗಿ ಬಂದವನು ಇವನೊಬ್ಬ. ಹೆಂಗಸರು ಬೈದು ಅವನ ಮೇಲೆ ಕೆಸರು ಎರಚುತ್ತಾರೆ. ಅವರ ಸಿಟ್ಟಿಗೆ ಕಾರಣಗಳು ಬೇಕಾದಷ್ಟಿವೆ. ಡಿಲೈಲಾ ಸುಮ್ಮನೆ ನಿಂತು ನೋಡುತ್ತಾಳೆ. ಕುದುರೆ ಬೇಕೋ ಬೇಡವೋ ಎಂದು ಅವಳನ್ನು ಕೇಳುವವರಿಲ್ಲ. ಇನಾಮಿಗಾಗಿ ಬಂದ ವಿಲಿಯಂ ಮನಿ ಮುಂದೆ ಅವಳನ್ನು ಕಾಣುತ್ತಾನೆ, ಮಾತಾಡುತ್ತಾನೆ, ಕಣ್ಣು ಬೆರಳುಗಳೆಲ್ಲ ನೆಟ್ಟಗಿರುವುದೂ ಗೊತ್ತಾಗುತ್ತದೆ. ಅದಾದ ಮೇಲೆಯೇ ಬಂದೂಕು ಎತ್ತಿಕೊಂಡು, ಇಬ್ಬರಲ್ಲಿ ಮೊದಲು ಡೇವಿಯನ್ನು ಕೊಲ್ಲುತ್ತಾನೆ.