ಉಪ್ಪು ಎಷ್ಟು, ಯಾವ ಹೊತ್ತಿಗೆ?

ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಅಂಕೋಲೆಯ ಗಂಗಾವಳಿ, ಕಾರವಾರದ ಕಾಳಿ ಎರಡರ ಅಳಿವೆಯಲ್ಲೂ ಉಬ್ಬರದ ನೀರು ಒಳನಾಡಿಗೆ ಏರುತ್ತದೆ. ದಂಡೆಯ ಬಾವಿಗಳು ಸವಳಾಗುತ್ತವೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ ಇದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಸ್ವೀಕಾರಾರ್ಹ ಮಿತಿ 250. ನೂರು ಕೊಡ ಸಿಹಿನೀರಿಗೆ ಒಂದೂವರೆ ಕೊಡ ಕಡಲನೀರು ಬೆರೆತರೆ ಮುಗಿಯಿತು, ಮಿತಿ ದಾಟಿದಂತೆಯೇ.

ಇದನ್ನು ಅಳೆಯಲು ಪ್ರಯೋಗಾಲಯವೇ ಬೇಕೆಂದಿಲ್ಲ. 2019ರಲ್ಲಿ ಶುರುವಾದ ಜಲಜೀವನ ಮಿಷನ್ (ನಮ್ಮಲ್ಲಿ 'ಮನೆ ಮನೆಗೆ ಗಂಗೆ') ಪ್ರತಿ ಊರಿನ ಐವರು ಮಹಿಳೆಯರಿಗೆ ಪರೀಕ್ಷಾ ಕಿಟ್ ಬಳಸಲು ತರಬೇತಿ ಕೊಡಬೇಕೆನ್ನುತ್ತದೆ. ಕ್ಲೋರೈಡ್ ಪರೀಕ್ಷೆ ನೋಡಲು ಚೆಂದ. ನೀರಿಗೆ ಕ್ರೋಮೇಟ್ ಹಾಕಿದರೆ ಹಳದಿ. ಆಮೇಲೆ ಸಿಲ್ವರ್ ನೈಟ್ರೇಟನ್ನು ಎಣಿಸುತ್ತ ಹನಿಹನಿಯಾಗಿ ಬಿಡಬೇಕು. ಬೆಳ್ಳಿ ಮೊದಲು ಕ್ಲೋರೈಡನ್ನು ಹಿಡಿದು ಬಿಳಿಯಾಗಿ ಕೂರುತ್ತದೆ. ಕ್ಲೋರೈಡ್ ಮುಗಿದ ಮೇಲಷ್ಟೇ ಕ್ರೋಮೇಟಿನ ಜೊತೆ ಸೇರಿ ಇಟ್ಟಿಗೆ ಬಣ್ಣ ತಳೆಯುತ್ತದೆ. ಹನಿ ಹೆಚ್ಚಾದಷ್ಟೂ ಉಪ್ಪು ಹೆಚ್ಚು. ಮಲದ ಸೋಂಕಿಗೆ ಬೇರೆ ಸೀಸೆ: ಒಂದೆರಡು ದಿನದಲ್ಲಿ ನೀರು ಕಪ್ಪಾದರೆ ಅನುಮಾನ.

ಅನುಮಾನ ಎಂದೇ ಕುಡಿಯುವ ನೀರಿನ ಇಲಾಖೆಯೂ ಓದುತ್ತದೆ. ಕಿಟ್ಟಿನ ಅಂಕಿ ಮಿಷನ್ನಿನ ಪೋರ್ಟಲ್‌ಗೆ ಹೋಗುತ್ತದೆ, ಕೆಟ್ಟದೆಂದು ಕಂಡ ನೀರು ಪ್ರಯೋಗಾಲಯಕ್ಕೆ ಹೋಗುತ್ತದೆ, ಅಲ್ಲಿ ಖಚಿತವಾದ ಮೇಲೆ ಕ್ರಮ. ಕಾರ್ಖಾನೆಯ ಕೊಳಚೆಯಾದರೆ ಬಿಗಿ ಇನ್ನೂ ಹೆಚ್ಚು. 1974ರ ಜಲ ಕಾಯ್ದೆಯ 21ನೇ ಕಲಂ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಯೇ ನೋಟಿಸು ಕೊಟ್ಟು, ಕ್ರಮಬದ್ಧವಾಗಿ ಸೀಲು ಹಾಕಿ ಒಯ್ದ ಮಾದರಿಯ ಫಲಿತಾಂಶ ಮಾತ್ರ ನ್ಯಾಯಾಲಯದಲ್ಲಿ ಸಾಕ್ಷಿ. ಊರವರ ಸೀಸೆ ಕಟಕಟೆ ಹತ್ತುವುದಿಲ್ಲ, ಅಧಿಕಾರಿಯನ್ನು ಹೊಳೆಗೆ ಕರೆತರುತ್ತದೆ. ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ಸ್ವಯಂಸೇವಕರ ಅಂಕಿಗಳನ್ನು ಗುಣಮಟ್ಟ ನೋಡಿ ಮೂರು ದರ್ಜೆಗೆ ಹಂಚುತ್ತಾರೆ. ಮೇಲಿನ ದರ್ಜೆಯವನ್ನು ಸರಕಾರವೂ ತನ್ನ ನಿರ್ಧಾರಗಳಿಗೆ ಬಳಸುತ್ತದೆ. ನಮ್ಮಲ್ಲೂ ಅಂಥ ಮೆಟ್ಟಿಲು ಇದ್ದರೆ ಒಳ್ಳೆಯದಿತ್ತು.

ನಮ್ಮ ಅಳಿವೆಗಳ ಅಂಕಿಪಟ್ಟಿಗಂತೂ ಇನ್ನೊಂದು ಕಾಲಂ ಬೇಕೇ ಬೇಕು: ಉಬ್ಬರವೋ ಇಳಿತವೋ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ವಾರಕ್ಕೆ ಆರು ತಾಸಿನ ಹತ್ತಿರ. ಈ ಸೋಮವಾರ ಹತ್ತು ಗಂಟೆಗೆ ತುಂಬಿದ್ದ ಹೊಳೆ ಮುಂದಿನ ಸೋಮವಾರ ಅದೇ ಹತ್ತಕ್ಕೆ ಇಳಿದಿರುತ್ತದೆ. ಉಬ್ಬರವೋ ಇಳಿತವೋ ಬರೆಯದಿದ್ದರೆ ಉಪ್ಪು ಕಡಿಮೆಯಾಯಿತೆಂದೇ ಇಲಾಖೆ ತಿಳಿದೀತು. ಏನೂ ದೋಷ ಕಾಣದ ದಿನದ ಅಂಕಿಯನ್ನೂ ಬಿಡಬಾರದು. ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಒಡ್ಡು ಕಟ್ಟಿದ ಮೇಲೆ ಬಾವಿ ಸುಧಾರಿಸಿತೇ ಎಂದು ನೋಡುವವರಿಗೆ ಹಿಂದಿನ ವರ್ಷಗಳ ಅದೇ ತಿಂಗಳ, ಅದೇ ಉಬ್ಬರದ ಲೆಕ್ಕ ಬೇಕಾಗುತ್ತದೆ.