ಎಲ್‌ಕೆಜಿ ಮಿಸ್‌ಗೆ ಸಿಕ್ಕ ಮಾರ್ಗರೇಟೆ

ಎಂ.ಎ. ಮುಗಿಸಿ ಎಲ್‌ಕೆಜಿ ಮಿಸ್ ಆದೆ ಎಂದಾಗ ನೆಂಟರು ಕೇಳಿದ್ದು ಒಂದೇ: ‘ಸದ್ಯಕ್ಕೆ ತಾನೆ?’ ನಾನೂ ತಲೆಯಾಡಿಸಿದ್ದೆ. ಕೆಜಿ ಅಂದರೆ ಕಿಂಡರ್‌ಗಾರ್ಟನ್. ಜರ್ಮನ್ನರ ಬಾಯಲ್ಲಿ ‘ಮಕ್ಕಳ ತೋಟ’. ಆ ಪದದ ಬೆನ್ನುಹತ್ತಿ ಹೋದಾಗ ಸಿಕ್ಕಿದ್ದು ಮಾರ್ಗರೇಟೆ ಶುರ್ಟ್ಸ್.

ಆಕೆ ಹುಟ್ಟಿದ್ದು 1833ರಲ್ಲಿ, ಹ್ಯಾಂಬರ್ಗ್‌ನಲ್ಲಿ. ಫ್ರೋಬೆಲ್ ಅವರ ಉಪನ್ಯಾಸ ಕೇಳಿ, ಲಂಡನ್ನಿನಲ್ಲಿ ಅಕ್ಕ ಬರ್ತಾಳ ಶಿಶುಶಾಲೆಗೆ ನೆರವಾದಳು. ಜರ್ಮನಿಯ ಕ್ರಾಂತಿ ಸೋತು ದೇಶ ಬಿಟ್ಟಿದ್ದ ಕಾರ್ಲ್ ಶುರ್ಟ್ಸ್‌ನನ್ನು ಅಲ್ಲೇ ಮದುವೆಯಾಗಿ, 1852ರಲ್ಲಿ ಅಮೆರಿಕದ ಹಡಗು ಹತ್ತಿದಳು. 1856ರಲ್ಲಿ ವಿಸ್ಕಾನ್ಸಿನ್‌ನ ವಾಟರ್‌ಟೌನ್‌ನಲ್ಲಿ ಮಗಳು ಅಗಾಥೆಯನ್ನೂ ನೆಂಟರ ಮಕ್ಕಳನ್ನೂ ಕೂರಿಸಿಕೊಂಡು ಹಾಡು, ಆಟ ಶುರುಮಾಡಿದಳು, ಜರ್ಮನ್ ಭಾಷೆಯಲ್ಲೇ. ಬೆರಳೆಣಿಕೆಯ ಮಕ್ಕಳು! ನನ್ನ ತರಗತಿಯಲ್ಲಿ 32 ಇದ್ದಾರೆ, ಕೊಂಚ ಹೊಟ್ಟೆಕಿಚ್ಚಾಯಿತು. ಅಮೆರಿಕದ ಮೊದಲ ಕಿಂಡರ್‌ಗಾರ್ಟನ್ ಎಂದು ಹೆಸರಾದದ್ದು ಅದೇ.

ಮುಂದೆ ಬೋಸ್ಟನ್‌ನಲ್ಲಿ ಪುಟ್ಟ ಅಗಾಥೆಯನ್ನು ಕಂಡು ಬೆರಗಾದ ಎಲಿಜಬೆತ್ ಪೀಬಾಡಿ, 1860ರಲ್ಲಿ ಇಂಗ್ಲಿಷ್ ಕಿಂಡರ್‌ಗಾರ್ಟನ್ ತೆರೆದರು. ಕಾರ್ಲ್ ಸೆನೆಟರ್ ಆದ. ಮಾರ್ಗರೇಟೆ 1876ರಲ್ಲಿ, ಹೆರಿಗೆಯ ನಂತರ ತೀರಿಕೊಂಡಳು. ವಯಸ್ಸು ಬರೀ 42.

ಮೊನ್ನೆ ಮದುವೆಮನೆಯಲ್ಲಿ ಅದೇ ಪ್ರಶ್ನೆ ಬಂತು. ‘ಇಲ್ಲ, ಇದೇ ಕೆಲಸ’ ಅಂದೆ. ಅಮ್ಮ ಒಮ್ಮೆ ತಿರುಗಿ ನೋಡಿದಳು.