ಕುಷ್ಟಗಿಯ ಹೊಲದಲ್ಲಿ ಹಾರಿದ ‘ಕೃಷಕ್’

‘ಬಾರ್ಡರ್’ ಸಿನಿಮಾ ನೋಡಿದವರಿಗೆ ಲೋಂಗೇವಾಲಾ ನೆನಪಿರುತ್ತದೆ. 1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಟ್ಯಾಂಕ್‌ಗಳು ರಾಜಸ್ಥಾನದ ಮರಳುಗಾಡಿಗೆ ನುಗ್ಗಿದ ರಾತ್ರಿ, ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ಅವರ ಒಂದು ಕಂಪನಿ ಬೆಳಗಾಗುವವರೆಗೂ ಜಾಗ ಬಿಡದೆ ನಿಂತಿತು. ಬೆಳಗಾಗುತ್ತಲೇ ಜೈಸಲ್ಮೇರ್‌ನಿಂದ ಬಂದ ಹಂಟರ್ ಯುದ್ಧವಿಮಾನಗಳು ಟ್ಯಾಂಕ್‌ಗಳ ಮೇಲೆ ಎರಗಿದವು. ಥಿಯೇಟರ್‌ನಲ್ಲಿ ಶಿಳ್ಳೆ ಬೀಳುವುದು ಹಂಟರ್‌ಗಳಿಗೆ. ಆದರೆ ಆ ಹಂಟರ್‌ಗಳಿಗೆ ಗುರಿ ತೋರಿಸುತ್ತ ಅಲ್ಲಿ ಇನ್ನೊಂದು ಪುಟ್ಟ ವಿಮಾನ ಸುತ್ತುತ್ತಿತ್ತು. ಅದನ್ನು ಹಾರಿಸುತ್ತಿದ್ದವರು ಸೇನೆಯ ಮೇಜರ್ ಆತ್ಮಾ ಸಿಂಗ್. ಒಂದೇ ಪ್ರೊಪೆಲ್ಲರ್, 225 ಅಶ್ವಶಕ್ತಿಯ ಎಂಜಿನ್. ಹೆಸರು ‘ಕೃಷಕ್’, ಅಂದರೆ ರೈತ. ಅದು ತಯಾರಾದದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ.

ಅದೇ ಕೃಷಕ್ ಅನ್ನು ಐದನೇ ಒಂದು ಅಳತೆಯಲ್ಲಿ, ರಿಮೋಟ್‌ನಿಂದ ಹಾರುವಂತೆ ನಾವು ನಾಲ್ವರು ಗೆಳೆಯರು ಕಟ್ಟಿದ್ದೇವೆ. ನಾನು ಕೊಪ್ಪಳದವನು, ಉಳಿದ ಮೂವರು ಗಂಗಾವತಿ, ಕುಷ್ಟಗಿ, ಯಲಬುರ್ಗಾದವರು. ನಾಲ್ವರೂ ಬಿಇ ಮೆಕ್ಯಾನಿಕಲ್. ‘ಯಾಕೆ ರಫೇಲ್ ಮಾಡಬಾರದಿತ್ತು? ತೇಜಸ್ ಮಾಡಬಾರದಿತ್ತು?’ ಎಂದು ಕೇಳದವರಿಲ್ಲ. ಅದಕ್ಕೆ ಉತ್ತರವೇ ಈ ಲೇಖನ.

ಹುಟ್ಟುತ್ತಲೇ ನಿರುದ್ಯೋಗಿ

ಹಿಂದೆ ಫಿರಂಗಿ ದಳಕ್ಕೆ ಒಂದು ದೊಡ್ಡ ತೊಂದರೆ ಇತ್ತು. ಗುಂಡು ಹಾರಿಸುವವನಿಗೆ ಅದು ಬೀಳುವ ಜಾಗ ಕಾಣದು. ಗುಡ್ಡದ ಆಚೆ ಬಿದ್ದ ಗುಂಡು ಗುರಿಗಿಂತ ಎಷ್ಟು ಎಡಕ್ಕೆ, ಎಷ್ಟು ಮುಂದಕ್ಕೆ ಬಿತ್ತು ಎಂದು ಮೇಲಿನಿಂದ ನೋಡಿ ರೇಡಿಯೊದಲ್ಲಿ ಹೇಳುವವರು ಬೇಕಿತ್ತು. ಅದಕ್ಕಾಗಿ ಬಂದದ್ದು ವೀಕ್ಷಣಾ ವಿಮಾನ. ಜರ್ಮನಿಯ ಸ್ಟಾರ್ಖ್, ಅಮೆರಿಕದ ಬರ್ಡ್ ಡಾಗ್, ಬ್ರಿಟನ್ನಿನ ಆಸ್ಟರ್ ಎಲ್ಲ ಈ ಜಾತಿಯವು. ಇವುಗಳಿಗೆ ವೇಗ ಮುಖ್ಯವಲ್ಲ. ನಿಧಾನವಾಗಿ ಹಾರಬೇಕು, ಹೊಲವೋ ರಸ್ತೆಯೋ ಸಿಕ್ಕ ಜಾಗದಲ್ಲಿ ಇಳಿಯಬೇಕು, ಒಳಗೆ ಕೂತವನಿಗೆ ನೆಲ ಚೆನ್ನಾಗಿ ಕಾಣಬೇಕು. ಅದಕ್ಕೇ ರೆಕ್ಕೆ ತಲೆಯ ಮೇಲೆ, ಸುತ್ತ ದೊಡ್ಡ ಕಿಟಕಿಗಳು.

ಕೃಷಕ್‌ನ ಕಥೆ ಕೆಲಸ ಹುಡುಕುತ್ತಿರುವ ಎಲ್ಲರೂ ಕೇಳಬೇಕಾದದ್ದು. ಎಚ್‌ಎಎಲ್‌ನ ಎರಡು ಸೀಟಿನ ‘ಪುಷ್ಪಕ್’ 1958ರಲ್ಲಿ ಹಾರಿತು. ಅದನ್ನೇ ಹಿಗ್ಗಿಸಿ, ದೊಡ್ಡ ಎಂಜಿನ್ ಕೂರಿಸಿದ ಕೃಷಕ್ 1959ರ ನವೆಂಬರ್‌ನಲ್ಲಿ ಮೊದಲ ಸಲ ಮೇಲೆದ್ದಿತು. ಮೊದಲಿಗೆ ಅದನ್ನು ಕೇಳುವವರೇ ಇರಲಿಲ್ಲ. ಅಂದರೆ ಕೃಷಕ್ ಕೂಡ ಹುಟ್ಟುತ್ತಲೇ ನಿರುದ್ಯೋಗಿ! ಸೇನೆಗೆ ಹಳೆಯ ಆಸ್ಟರ್‌ಗಳ ಬದಲಿಗೆ ಹೊಸದು ಬೇಕಾದಾಗ ಅದಕ್ಕೆ ಕೆಲಸ ಸಿಕ್ಕಿತು. 1965ರಿಂದ ಸುಮಾರು ಹತ್ತು ವರ್ಷ ಸೇನೆಯ ಕಣ್ಣಾಗಿ ದುಡಿದು, ಆಮೇಲೆ ಚೀತಾ ಹೆಲಿಕಾಪ್ಟರ್‌ಗಳಿಗೆ ಜಾಗ ಬಿಟ್ಟಿತು. ತಯಾರಾದದ್ದು ಒಟ್ಟು 68 ವಿಮಾನಗಳು, ಅಷ್ಟೇ.

ಗೊತ್ತಿದ್ದದ್ದು ಒಂದೇ ಅಳತೆ

ಬರ್ಡ್ ಡಾಗ್ ಅಥವಾ ಸ್ಟಾರ್ಖ್ ಮಾಡುವುದಾದರೆ ಕತ್ತರಿಸಿಟ್ಟ ಮರದ ತುಂಡುಗಳ ಸಮೇತ ಕಿಟ್ ಸಿಗುತ್ತದೆ, ಜೋಡಿಸಿದರೆ ಆಯಿತು. ನಮ್ಮದೇ ರಾಜ್ಯದಲ್ಲಿ ತಯಾರಾದ ವಿಮಾನದ ಕಿಟ್ ಮಾತ್ರ ನಾವು ಕೇಳಿದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ನಮ್ಮ ಕೈಯಲ್ಲಿದ್ದದ್ದು ಕೆಲವು ಫೋಟೊ ಮತ್ತು ಒಂದು ಅಳತೆ: ರೆಕ್ಕೆಯ ಈ ತುದಿಯಿಂದ ಆ ತುದಿಗೆ 11.43 ಮೀಟರ್. ಐದರಿಂದ ಭಾಗಿಸಿದರೆ 2.29 ಮೀಟರ್, ಅಂದರೆ ಏಳೂವರೆ ಅಡಿ. ಉಳಿದದ್ದನ್ನೆಲ್ಲ ಫೋಟೊದ ಮೇಲೆ ಸ್ಕೇಲ್ ಇಟ್ಟು, ಅನುಪಾತ ಹಚ್ಚಿ ತೆಗೆದೆವು. ಮೊದಲ ಸೆಮಿಸ್ಟರ್‌ನಲ್ಲಿ ಬೇಸರದಿಂದ ಗೀಚಿದ ಎಂಜಿನಿಯರಿಂಗ್ ಡ್ರಾಯಿಂಗ್ ಯಾಕೆ ಕಲಿಸುತ್ತಾರೆಂದು ನನಗೆ ಗೊತ್ತಾದದ್ದು ಆ ವಾರ.

ಇಷ್ಟು ದೊಡ್ಡದು ಯಾಕೆ ಎಂದರೆ, ನಮ್ಮ ಕಡೆಯ ಗಾಳಿಗಾಗಿ. ಯಲಬುರ್ಗಾ, ಕುಷ್ಟಗಿ ದಾರಿಯಲ್ಲಿ ಹೋದವರು ಸಾಲುಗಟ್ಟಿ ನಿಂತ ಗಾಳಿಯಂತ್ರಗಳನ್ನು ನೋಡಿರುತ್ತೀರಿ. ಮೂರಡಿಯ ಥರ್ಮಾಕೋಲ್ ವಿಮಾನವನ್ನು ಆ ಗಾಳಿ ಗಾಳಿಪಟದಂತೆ ಎತ್ತಿ ಎಸೆಯುತ್ತದೆ. ಅಳತೆ ಎರಡು ಪಟ್ಟಾದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟಿನ ಹತ್ತಿರ ಹೋಗುತ್ತದೆ. ಆ ತೂಕದಿಂದಲೇ ದೊಡ್ಡ ಮಾದರಿ ಸಣ್ಣ ಹೊಡೆತಗಳಿಗೆ ಅಲುಗಾಡುವುದಿಲ್ಲ, ನಿಜ ವಿಮಾನದ ಗಾಂಭೀರ್ಯದಲ್ಲಿ ಹಾರುತ್ತದೆ.

ಆದರೆ ತೂಕ ಅತಿಯಾದರೆ ನಿಧಾನವಾಗಿ ಹಾರಲಾಗದು. ರೆಕ್ಕೆ ಅದೇ ಇದ್ದು ತೂಕ ಎರಡು ಪಟ್ಟಾದರೆ, ಬೀಳದೆ ಹಾರಲು ಬೇಕಾದ ಕನಿಷ್ಠ ವೇಗ ಶೇ 41ರಷ್ಟು ಏರುತ್ತದೆ. ಲೆಕ್ಕ ಹಾಕಿ ನಾವು ಹಾಕಿಕೊಂಡ ಗಡಿ ಏಳೂವರೆ ಕಿಲೊ. ಆ ತೂಕಕ್ಕೆ ಕನಿಷ್ಠ ವೇಗ ಗಂಟೆಗೆ 40 ಕಿ.ಮೀ. ಆಸುಪಾಸು, ಅಂದರೆ ಊರೊಳಗಿನ ಬೈಕಿನಷ್ಟು. ಅಲ್ಲಿಂದ ಮುಂದೆ ಹತ್ತು ಗ್ರಾಂಗೂ ಜಗಳ. ಬಾಲದಲ್ಲಿ ಹತ್ತು ಗ್ರಾಂ ಹೆಚ್ಚಾದರೆ ಸಮತೋಲಕ್ಕೆ ಮೂಗಿನಲ್ಲಿ ಮೂವತ್ತು ಗ್ರಾಂ ಇಡಬೇಕು, ಯಾಕೆಂದರೆ ಬಾಲ ಮೂರು ಪಟ್ಟು ದೂರದಲ್ಲಿದೆ. ತಕ್ಕಡಿಯ ಲೆಕ್ಕ ಇದು, ಸಂತೆಯಲ್ಲಿ ಕೂತವರಿಗೂ ಗೊತ್ತು.

ಯಲಬುರ್ಗಾದ ಗೆಳೆಯನ ಕಾಕಾ ಬಡಗಿ. ರೆಕ್ಕೆಯ ಪಕ್ಕೆಲುಬುಗಳನ್ನೆಲ್ಲ ಅವರ ಅಂಗಡಿಯಲ್ಲೇ ಬಾಲ್ಸಾ ಮರ ಮತ್ತು ತೆಳು ಪ್ಲೈವುಡ್‌ನಲ್ಲಿ ಕತ್ತರಿಸಿದೆವು. ಮೂಗಿನ ಮುಚ್ಚಳದ ಉಬ್ಬು ಮಾತ್ರ ಮರಕ್ಕೆ ಬಗ್ಗಲಿಲ್ಲ. ಆಗ ಕೆಲಸಕ್ಕೆ ಬಂದದ್ದು ಕಿನ್ನಾಳ. ಹಗುರ ಮರ, ಹುಣಸೆ ಬೀಜದ ಅಂಟು, ಮರದ ಪುಡಿ ಇಟ್ಟುಕೊಂಡು ಶತಮಾನಗಳಿಂದ ಗೊಂಬೆ ಮಾಡುತ್ತಿರುವ ಊರು ನಮ್ಮ ಪಕ್ಕದಲ್ಲೇ ಇದೆ. ಅದನ್ನು ನೋಡಿ ನಾವೂ ಮಣ್ಣಿನ ಅಚ್ಚಿನ ಮೇಲೆ ಹಳೆ ಹತ್ತಿ ಬಟ್ಟೆಯನ್ನು ಅಂಟು ಹಚ್ಚಿ ಪದರ ಪದರವಾಗಿ ಕೂರಿಸಿದೆವು. ಒಣಗಿದ ಮೇಲೆ ಮಣ್ಣು ತೆಗೆದರೆ ಗಟ್ಟಿಯಾದ, ಹಗುರವಾದ ಮೂಗು ಸಿದ್ಧ.

ಜುಟ್ಟಿಗೆ ಮಲ್ಲಿಗೆ

ಖರ್ಚು ಸುಮಾರು 46 ಸಾವಿರ ರೂಪಾಯಿ. ಮೋಟಾರು, ಅದರ ವೇಗ ನಿಯಂತ್ರಕ, ಎರಡು ಲಿಪೊ ಬ್ಯಾಟರಿ, ಆರು ಸರ್ವೊ, ಮರ, ಇಸ್ತ್ರಿಪೆಟ್ಟಿಗೆಯಿಂದ ಅಂಟಿಸುವ ಹೊದಿಕೆ ಎಲ್ಲ ಸೇರಿ. ಬ್ಯಾಟರಿಗಳೇ 16 ಸಾವಿರ ತಿಂದವು. ತಲಾ ಹನ್ನೊಂದೂವರೆ ಸಾವಿರ. ನನ್ನ ಪಾಲು ಸ್ಕಾಲರ್‌ಶಿಪ್ ಹಣದಿಂದ ಹೋಯಿತು. ಅದೇ ಹಣದಲ್ಲಿ ಕ್ಲಾಸ್‌ಮೇಟ್‌ಗಳು ಕೋಡಿಂಗ್ ಕೋರ್ಸ್‌ಗೆ ಸೇರಿದ್ದರು. ಅಪ್ಪನದು ಕೊಪ್ಪಳದಲ್ಲಿ ಮೋಟಾರು ವೈಂಡಿಂಗ್ ಅಂಗಡಿ. ‘ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವ ಅಂದಂಗಾತು ನಿಂದು’ ಎಂದರು. ಬೈಗುಳಕ್ಕಿಂತ ಆಮೇಲಿನ ಮೌನ ಭಾರವಾಗಿತ್ತು. ಕೊನೆಯ ವರ್ಷ ಎದುರಿಗಿದೆ, ತಂಗಿಯ ಪಿಯುಸಿ ಫೀಸ್ ಇದೆ. ಅವರ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ.

ಇನ್ನೊಂದು ಗೋಡೆ ಕಾನೂನು. 2021ರ ಡ್ರೋನ್ ನಿಯಮಗಳಲ್ಲಿ ರಿಮೋಟ್ ವಿಮಾನಗಳೂ ಬರುತ್ತವೆ. ಹವ್ಯಾಸಕ್ಕಾಗಿ 2 ಕಿಲೊವರೆಗಿನದನ್ನು ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಡ. ಅದಕ್ಕಿಂತ ಭಾರವಾದರೆ ಬೇಕು. ಅದಕ್ಕೆ 18 ವರ್ಷ ತುಂಬಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಡಿಜಿಸಿಎ ಅಧಿಕೃತಗೊಳಿಸಿದ ಸಂಸ್ಥೆಯಲ್ಲಿ ತರಬೇತಿ ಪಡೆದಿರಬೇಕು. ಎಲ್ಲಿ ಹಾರಿಸಬಹುದು ಎಂಬುದಕ್ಕೆ ಡಿಜಿಟಲ್ ಸ್ಕೈ ನಕ್ಷೆ ಇದೆ. ಹಸಿರು ವಲಯದಲ್ಲಿ 400 ಅಡಿವರೆಗೆ ಸರಿ. ಬಸಾಪುರದ ಖಾಸಗಿ ಏರ್‌ಸ್ಟ್ರಿಪ್‌ನಿಂದ ದೂರವಿರಲಿ ಎಂದೇ ನಾವು ಕುಷ್ಟಗಿ ಕಡೆಯ ಹೊಲ ಆರಿಸಿಕೊಂಡದ್ದು. ಹೀಗಾಗಿ ಒಂದು ವರ್ಷ ಕೂತು ಕಟ್ಟಿದ ವಿಮಾನವನ್ನು ಮೊದಲ ಸಲ ಹಾರಿಸಿದ್ದು ನಮ್ಮಲ್ಲಿ ಯಾರೂ ಅಲ್ಲ, ಪ್ರಮಾಣಪತ್ರವಿದ್ದ ಹಿರಿಯ ಹವ್ಯಾಸಿಯೊಬ್ಬರು. ನಾವು ಕಲಿತದ್ದು ಎರಡು ಕಿಲೊ ಒಳಗಿನ ಫೋಮ್ ಮಾದರಿಯಲ್ಲಿ.

ಆರು ನಿಮಿಷ

ಫೆಬ್ರುವರಿ ಕೊನೆಯ ವಾರ. ಕಡಲೆ ಕಿತ್ತ ಎರಿ ಹೊಲದಲ್ಲಿ ಗೆಳೆಯನ ಅಪ್ಪ ಟ್ರ್ಯಾಕ್ಟರ್‌ಗೆ ಕೊರಡು ಕಟ್ಟಿ ಎಳೆದು ರನ್‌ವೇ ಮಾಡಿಕೊಟ್ಟಿದ್ದರು. ಗಾಳಿ ಏಳುವ ಮೊದಲೇ, ಬೆಳಿಗ್ಗೆ ಏಳಕ್ಕೆ ಎಲ್ಲ ಸಿದ್ಧ. ದಾರಿಯಲ್ಲಿ ಹೊರಟಿದ್ದ ಅಜ್ಜ ಒಬ್ಬರು ನಿಂತು, ‘ಔಷಧಿ ಹೊಡಿಯೋ ಡ್ರೋನ್ ಏನ್ರೋ ತಮ್ಮಾ ಇದು?’ ಎಂದರು. ‘ಅಲ್ರೀ ಅಜ್ಜ, ಇಮಾನ’ ಎಂದೆ. ‘ಹೆಸರೇನು?’ ‘ಕೃಷಕ್. ಅಂದ್ರ ಒಕ್ಕಲಿಗ್ಯಾ.’ ಅಜ್ಜ ನಕ್ಕು ಬದುವಿನ ಮೇಲೆ ಕೂತುಬಿಟ್ಟರು.

ಬಾಲದಲ್ಲಿ ಗಾಲಿ ಇರುವ ವಿಮಾನ ನೆಲದ ಮೇಲೆ ಹಟಮಾರಿ ಎತ್ತಿದ್ದಂತೆ. ತೂಕದ ಕೇಂದ್ರ ಮುಂದಿನ ಗಾಲಿಗಳ ಹಿಂದೆ ಇರುವುದರಿಂದ, ಸ್ವಲ್ಪ ಪಕ್ಕಕ್ಕೆ ವಾಲಿದರೆ ಪೂರ್ತಿ ತಿರುಗಿಯೇ ಬಿಡುತ್ತದೆ. ಇಪ್ಪತ್ತೈದು ಹೆಜ್ಜೆ ಓಡಿತು, ಬಾಲ ಎತ್ತಿತು, ನೆಲ ಬಿಟ್ಟಿತು. ನಾಲ್ವರಲ್ಲಿ ಒಬ್ಬರೂ ಉಸಿರು ಬಿಡಲಿಲ್ಲ. ಉದ್ದ ರೆಕ್ಕೆಯ ವಿಮಾನವನ್ನು ಬರೀ ವಾಲಿಸಿದರೆ ಮೂಗು ವಿರುದ್ಧ ದಿಕ್ಕಿಗೆ ಎಳೆಯುತ್ತದೆ, ಬಾಲದ ಚುಕ್ಕಾಣಿಯನ್ನೂ ಜೊತೆಗೇ ತಿರುಗಿಸಬೇಕು. ಮೊದಲ ತಿರುವು ಅಂಕುಡೊಂಕಾಯಿತು, ಎರಡನೆಯದು ನೇರ್ಪಾಯಿತು.

ನಾಲ್ಕನೇ ನಿಮಿಷಕ್ಕೆ ಅವರು ಫ್ಲಾಪ್ ಇಳಿಸಿ, ಗಾಳಿಗೆ ಎದುರಾಗಿ, ತಲೆಯಿಂದ ಇಪ್ಪತ್ತು ಅಡಿ ಎತ್ತರದಲ್ಲಿ ರನ್‌ವೇ ಉದ್ದಕ್ಕೂ ಹಾಯಿಸಿದರು. ಯಾರೋ ನಡೆದುಹೋಗುತ್ತಿರುವಂತೆ ಅಷ್ಟು ನಿಧಾನ. ಕಿಟಕಿಯ ಚೌಕಟ್ಟು, ರೆಕ್ಕೆಗೆ ಕೊಟ್ಟ ಆಸರೆ ಕಂಬಿ ಎಲ್ಲ ಎಣಿಸುವಂತೆ ಕಂಡವು. ಜೆಟ್ ಮಾಡಿದ್ದರೆ ಒಂದು ಗೆರೆ ಕಾಣುತ್ತಿತ್ತು, ಅಷ್ಟೇ. ಜೋರಾಗಿ ಹಾರಲು ದೊಡ್ಡ ಮೋಟಾರು ಸಾಕು. ನಿಧಾನವಾಗಿ ಹಾರಲು ಪ್ರತಿ ಗ್ರಾಂ, ಪ್ರತಿ ಕೋನ, ಪ್ರತಿ ಅಂಟು ಸರಿಯಿರಬೇಕು. ಆರನೇ ನಿಮಿಷಕ್ಕೆ ಅದು ಇಳಿಯಿತು. ಎಡಗಾಲಿಯ ಕೀಲು ಒಂದಿಷ್ಟು ಬಗ್ಗಿತ್ತು, ಬೇರೇನೂ ಆಗಲಿಲ್ಲ.

ಸಂಜೆ ವಿಡಿಯೊ ನೋಡಿದ ಅಪ್ಪ ಏನೂ ಹೇಳಲಿಲ್ಲ. ಮರುದಿನ ಅಂಗಡಿಯಲ್ಲಿ ಮೋಟಾರನ್ನು ಕೈಗೆ ತೆಗೆದುಕೊಂಡು ತಿರುವಿ ನೋಡಿ, ‘ಇದರೊಳಗ ಬ್ರಶ್ ಇಲ್ಲಲ್ಲೋ, ಹೆಂಗ ತಿರಗತೈತಿ?’ ಎಂದರು. ಮೂವತ್ತು ವರ್ಷ ಮೋಟಾರು ಕಟ್ಟಿದವರಿಗೆ ನಾನು ಮೋಟಾರಿನ ಪಾಠ ಹೇಳಿದ್ದು ಅದೇ ಮೊದಲು.

ಇದರಿಂದ ಕೆಲಸ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಇಂಟರ್‌ವ್ಯೂನಲ್ಲಿ ‘ನೀನೇನು ಮಾಡಿದ್ದೀಯ?’ ಎಂದು ಕೇಳಿದರೆ ಹೇಳಲು ನನ್ನ ಬಳಿ ಏಳೂವರೆ ಅಡಿಯ ಉತ್ತರವಿದೆ. ನೀವೂ ಶುರುಮಾಡುವುದಾದರೆ ಮೊದಲು ಎರಡು ಕಿಲೊ ಒಳಗಿನ ಫೋಮ್ ಮಾದರಿ ಕಟ್ಟಿ, ಜನ ಮತ್ತು ಕರೆಂಟ್ ತಂತಿಗಳಿಂದ ದೂರ ಬೆಳಗಿನ ಹೊತ್ತು ಹಾರಿಸಿ, ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಎದ್ದು ಹೋಗಬೇಡಿ. ಇನ್ನು ನಮ್ಮದು ಮುಂದೇನು ಎಂದರೆ, ಮೊದಲು ನಾನು ಪೈಲಟ್ ಪ್ರಮಾಣಪತ್ರ ಪಡೆಯಬೇಕು. ಆಮೇಲೆ ಗಂಗಾವತಿಯ ಗೆಳೆಯನ ಆಸೆಯಂತೆ, ಬೇಕಾದ ಅನುಮತಿ ಪಡೆದು, ರೆಕ್ಕೆಯ ಕೆಳಗೆ ಒಂದು ಕ್ಯಾಮೆರಾ ಕಟ್ಟಿ ಅವನ ಅಪ್ಪನ ಭತ್ತದ ಗದ್ದೆಯ ಮೇಲೆ ಹಾರಿಸಬೇಕು. ಕಾಲುವೆಯ ನೀರು ಯಾವ ಮಡಿಗೆ ಬಂದಿದೆ, ಯಾವುದಕ್ಕೆ ಬಂದಿಲ್ಲ ಎಂದು ನೋಡಬೇಕು. ನೋಡುವುದೇ ಅದರ ಕೆಲಸ, ರೈತ ಎಂದೇ ಅದರ ಹೆಸರು.